ಪ್ರೂಫ್ ನಾಣ್ಯ ಮಂಕಾಗುತ್ತಿದೆ, ಉಜ್ಜಿಸಲೇ?

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದಲ್ಲಿರುವ ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರು ಟಂಕಸಾಲೆಯಿಂದ ಪ್ರೂಫ್ ನಾಣ್ಯಗಳನ್ನು ತರಿಸಿಕೊಂಡು ಜೋಪಾನ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಎಲ್ಲವೂ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ ಇವೆ. ಈಚೆಗೆ ತೆಗೆದು ನೋಡಿದರೆ 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿ ನಾಣ್ಯದ ಅಂಚು ಹಳದಿ, ನೀಲಿ ಬಣ್ಣಕ್ಕೆ ತಿರುಗಿದೆ. 1982ರ ಏಷ್ಯಾಡ್ ಸೆಟ್ಟಿನ 2 ರೂಪಾಯಿಯನ್ನು ನಾನೇ ಒಂದು ಆಲ್ಬಮ್ಮಿಗೆ ಹಾಕಿಟ್ಟಿದ್ದೆ, ಅದರ ಮೇಲೆ ಹಸಿರು ಜಿಗುಟು ಕಾಣುತ್ತಿದೆ. ರಿಸರ್ವ್ ಬ್ಯಾಂಕಿನ ಅಮೃತ ಮಹೋತ್ಸವದ 75 ರೂಪಾಯಿ ನಾಣ್ಯದ ಮೇಲೆ ಯಾರದೋ ಬೆರಳಿನ ಗುರುತು ಮೂಡಿದೆ. ಪರಿಚಯದ ಅಕ್ಕಸಾಲಿಗರು ಪಾಲಿಶ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಲೇ? ಮೊಮ್ಮಗಳು ದೊಡ್ಡವಳಾಗುವವರೆಗೆ ಇವು ಕೆಡದೆ ಉಳಿಯಬೇಕಾದರೆ ಹೇಗಿಡಬೇಕು? ಬ್ಯಾಂಕ್ ಲಾಕರಿನಲ್ಲಿ ಇಟ್ಟುಬಿಟ್ಟರೆ ಸಾಕೇ?

ಉತ್ತರ: ಪಾಲಿಶ್ ಮಾಡಿಸಬೇಡಿ. ಮಿಕ್ಕ ವಿಷಯಗಳನ್ನು ನಿಧಾನವಾಗಿ ಹೇಳುತ್ತೇನೆ, ಆದರೆ ಅಕ್ಕಸಾಲಿಗರಿಗೆ ಇವತ್ತೇ ಬೇಡವೆಂದು ತಿಳಿಸಿಬಿಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಅವರ ಕೈಯಲ್ಲಿ ಕಾಲ್ಗೆಜ್ಜೆ, ದೀಪದ ಕಂಬಗಳು ಹೊಸದರಂತೆ ಹೊಳೆಯುವುದೂ ನಿಜ. ಪ್ರೂಫ್ ನಾಣ್ಯದ ಹೊಳಪು ಆ ಜಾತಿಯದಲ್ಲ, ಅದನ್ನು ಮತ್ತೆ ಬರಿಸುವ ವಿದ್ಯೆ ಯಾರ ಬಳಿಯೂ ಇಲ್ಲ.

ಪೇಟೆಯಲ್ಲಿ ಓಡಾಡುವ ನಾಣ್ಯಗಳನ್ನು ಯಂತ್ರಗಳು ಅತಿವೇಗದಲ್ಲಿ ಒತ್ತಿ ಚೀಲಕ್ಕೆ ಸುರಿಯುತ್ತವೆ. ಪ್ರೂಫ್ ನಾಣ್ಯಕ್ಕೆ ಆರಿಸಿದ ಬಿಲ್ಲೆಯನ್ನು ಮೊದಲೇ ನುಣುಪುಗೊಳಿಸುತ್ತಾರೆ. ಅಚ್ಚಿನ ಸಮತಲ ಭಾಗವನ್ನು ಕನ್ನಡಿಯಂತೆ ತಿಕ್ಕಿ, ಚಿತ್ರ ಮತ್ತು ಅಕ್ಷರಗಳಿರುವ ಭಾಗವನ್ನು ಬೇಕೆಂದೇ ಸ್ವಲ್ಪ ತರಿಯಾಗಿ ಬಿಡುತ್ತಾರೆ. ಆಮೇಲೆ ಬಿಲ್ಲೆಯನ್ನು ಹೆಚ್ಚಿನ ಒತ್ತಡದಲ್ಲಿ ಕನಿಷ್ಠ ಎರಡು ಸಲ ಒತ್ತಿ, ಒಂದೊಂದಾಗಿ ಕೈಯಲ್ಲಿ ಎತ್ತಿಡುತ್ತಾರೆ. ಕಪ್ಪುಗನ್ನಡಿಯಂಥ ಬಯಲಿನ ಮೇಲೆ ಇಬ್ಬನಿ ಕುಳಿತಂತೆ ಬೆಳ್ಳಗೆ ಮುಖ ಎದ್ದು ಕಾಣುವುದು ಈ ಕಾರಣಕ್ಕೆ. ಆ ಕನ್ನಡಿಯೂ ಇಬ್ಬನಿಯೂ ಇರುವುದು ಲೋಹದ ತೀರಾ ಮೇಲ್ಪದರದಲ್ಲಿ. ಉಜ್ಜುವ ಬಟ್ಟೆ ಎಷ್ಟೇ ಮೆತ್ತಗಿರಲಿ, ಕನ್ನಡಿಯ ಭಾಗದಲ್ಲಿ ಕೂದಲೆಳೆಯಂಥ ಗೀರುಗಳನ್ನು ಬಿಡುತ್ತದೆ, ತರಿಯ ಭಾಗವನ್ನು ನುಣ್ಣಗೆ ಮಾಡುತ್ತದೆ. ಪಾಲಿಶ್ ಆದ ನಾಣ್ಯ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಓರೆಯಾಗಿ ಬೆಳಕು ಹಿಡಿದರೆ ಗೀರುಗಳೆಲ್ಲ ಒಮ್ಮೆಲೇ ಎದ್ದುಬರುತ್ತವೆ. ನಾಣ್ಯ ಬಲ್ಲವರು ಮೊದಲು ನೋಡುವುದೇ ಅದನ್ನು. ಉಜ್ಜಿದ ನಾಣ್ಯವೆಂದು ಒಮ್ಮೆ ಗೊತ್ತಾದರೆ ಬೆಲೆ ತಟ್ಟನೆ ಇಳಿಯುತ್ತದೆ. ಬೆಲೆಯ ಮಾತು ಹಾಗಿರಲಿ, ನಿಮ್ಮ ಯಜಮಾನರು ಅಷ್ಟು ಆಸ್ಥೆಯಿಂದ ತರಿಸಿಕೊಂಡದ್ದು ಈ ಮೇಲ್ಮೈಗಾಗಿ. ಅದು ಹೋದ ಮೇಲೆ ಉಳಿಯುವುದು ಬೆಳ್ಳಿಯ ತೂಕ ಮಾತ್ರ.

ಅದೇ ಕಾರಣಕ್ಕೆ ಮನೆಯ ಉಪಾಯಗಳನ್ನೂ ದೂರವಿಡಿ. ಹುಣಸೆಹಣ್ಣು, ವಿಭೂತಿ, ಅಂಟುವಾಳ, ಹಲ್ಲುಜ್ಜುವ ಪೇಸ್ಟು ಪೂಜೆಯ ಪಾತ್ರೆಗೆ ಸರಿ, ಇವಕ್ಕಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ಓಡಾಡುತ್ತಿರುತ್ತದೆ: ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು ಸೇರಿಸಿದರೆ ಕಪ್ಪು ಮಾಯ. ಅದು ಸುಳ್ಳಲ್ಲ, ಬೆಳ್ಳಿಯ ಸಲ್ಫೈಡು ಮತ್ತೆ ಬೆಳ್ಳಿಯಾಗುತ್ತದೆ. ಆದರೆ ಹಾಗೆ ಮರಳಿದ ಬೆಳ್ಳಿ ಒರಟಾಗಿ ಕೂರುತ್ತದೆ, ಕನ್ನಡಿಯಾಗಿ ಅಲ್ಲ. ಚಮಚಕ್ಕೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ, ಪ್ರೂಫ್ ನಾಣ್ಯಕ್ಕೆ ಅದೇ ಎಲ್ಲ.

ಈಗ ನಿಮ್ಮ ಮೂರು ನಾಣ್ಯಗಳನ್ನು ಒಂದೊಂದಾಗಿ ನೋಡೋಣ. ಮೂರರ ಕಾಯಿಲೆಯೂ ಬೇರೆ ಬೇರೆ.

ಗಾಂಧೀಜಿಯ 10 ರೂಪಾಯಿಯಲ್ಲಿ ನೂರಕ್ಕೆ 80 ಪಾಲು ಬೆಳ್ಳಿ, ತೂಕ 15 ಗ್ರಾಂ. ಅಂಚಿನ ಹಳದಿ, ನೀಲಿ ಬಣ್ಣ ಗಾಳಿಯಲ್ಲಿರುವ ಗಂಧಕದ ಅನಿಲಗಳ ಕೆಲಸ, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡಿನದು. ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಅನಿಲದಿಂದಲೇ. ತೆರೆದ ಚರಂಡಿ, ಸೆಪ್ಟಿಕ್ ಟ್ಯಾಂಕಿನ ಕೊಳವೆಗಳಿಂದ ಅದು ಹೊರಬೀಳುತ್ತದೆ. ರಬ್ಬರು, ಉಣ್ಣೆ, ಅಗ್ಗದ ಕಾಗದಗಳೂ ಗಂಧಕದ ಅಂಶವನ್ನು ಮೆಲ್ಲನೆ ಬಿಡುತ್ತವೆ. ಮೂಗಿಗೆ ತಿಳಿಯದಷ್ಟು ಅಲ್ಪವಾದರೂ ಬೆಳ್ಳಿಗೆ ಸಾಕು. ಮೇಲ್ಮೈಯಲ್ಲಿ ಬೆಳ್ಳಿಯ ಸಲ್ಫೈಡಿನ ತೆಳುಪೊರೆ ಕಟ್ಟುತ್ತದೆ. ಪೊರೆ ತೆಳುವಿದ್ದಾಗ ಹಳದಿ, ದಪ್ಪವಾಗುತ್ತ ಹೋದಂತೆ ಕೆಂಪುಗಂದು, ಆಮೇಲೆ ನೀಲಿ, ಕಡೆಗೆ ಕಪ್ಪು. ನಿಮ್ಮದು ನೀಲಿಯ ಹಂತದಲ್ಲಿದೆ, ಅದೂ ಅಂಚಿನಲ್ಲಿ ಮಾತ್ರ.

ಇಲ್ಲಿ ಒಂದು ಸಂಗತಿ ಮನಸ್ಸಿನಲ್ಲಿರಲಿ. ಆ ಪೊರೆಯಲ್ಲಿರುವ ಬೆಳ್ಳಿ ಹೊರಗಿನಿಂದ ಬಂದದ್ದಲ್ಲ, ನಾಣ್ಯದ್ದೇ. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದರೆ ಕಳಂಕದ ಜೊತೆ ನಾಣ್ಯದ ಮೇಲ್ಪದರವೂ ಕರಗಿಹೋಗುತ್ತದೆ. ಒಂದು ಸಲ ಅದ್ದಿದಾಗ ಗೊತ್ತಾಗದಿರಬಹುದು, ಮತ್ತೆ ಮತ್ತೆ ಅದ್ದಿದ ನಾಣ್ಯ ಜೀವಕಳೆ ಕಳೆದುಕೊಂಡು ಬೂದುಬಣ್ಣಕ್ಕೆ ಬರುತ್ತದೆ. ಸಮನಾಗಿ, ನಿಧಾನವಾಗಿ ಕೂತ ಬಣ್ಣವನ್ನು ಸಂಗ್ರಾಹಕರು ದೋಷವೆಂದು ಎಣಿಸುವುದಿಲ್ಲ, ಕೆಲವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಗಾಂಧಿ ನಾಣ್ಯವನ್ನು ಮುಟ್ಟದೆ ಬಿಡಿ. ಅದರ ಸುತ್ತಲಿನ ಗಾಳಿ ಬದಲಾದರೆ ಬಣ್ಣ ಹೆಚ್ಚೂಕಡಿಮೆ ಅಲ್ಲಿಗೇ ನಿಲ್ಲುತ್ತದೆ.

ಏಷ್ಯಾಡಿನ 2 ರೂಪಾಯಿಯ ಸಮಾಚಾರ ಹಾಗಲ್ಲ, ಅದಕ್ಕೆ ತಡಮಾಡಬಾರದು. ಅದು ತಾಮ್ರ ಮತ್ತು ನಿಕ್ಕಲ್ ಬೆರೆತ ನಾಣ್ಯ. ಹಸಿರು ಜಿಗುಟು ಬಂದಿರುವುದು ಆಲ್ಬಮ್ಮಿನ ಹಾಳೆಯಿಂದ. ಮೆತ್ತಗೆ ಬಾಗುವ, ಹೊಸ ರೇನ್‌ಕೋಟಿನ ವಾಸನೆ ಬರುವ ಹಾಳೆಗಳು ಸಾಮಾನ್ಯವಾಗಿ ಪಿವಿಸಿಯವು. ಪಿವಿಸಿ ಹುಟ್ಟಿನಿಂದ ಗಡಸು ಪ್ಲಾಸ್ಟಿಕ್, ಅದನ್ನು ಮೆದುಗೊಳಿಸಲು ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಆ ಎಣ್ಣೆ ಹೊರಗೆ ಒಸರುತ್ತದೆ, ಪಿವಿಸಿಯೂ ಶಿಥಿಲವಾಗಿ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆಮ್ಲಕ್ಕೆ ಸಿಕ್ಕ ತಾಮ್ರ ಹಸಿರಾಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಈ ಕ್ರಿಯೆಗೆ ಇನ್ನಷ್ಟು ವೇಗ. ಹೀಗೇ ಬಿಟ್ಟರೆ ಆಮ್ಲ ಲೋಹವನ್ನು ತಿನ್ನುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಶುದ್ಧ ಅಸಿಟೋನ್. ಪ್ರಯೋಗಶಾಲೆಗಳಿಗೆ ರಾಸಾಯನಿಕ ಮಾರುವ ಅಂಗಡಿಯಲ್ಲಿ ಕೇಳಿ. ಉಗುರುಬಣ್ಣ ತೆಗೆಯುವ ಸೀಸೆ ಬೇಡ, ಅದರಲ್ಲಿ ಸುಗಂಧ, ಎಣ್ಣೆ, ಬಣ್ಣ ಎಲ್ಲ ಸೇರಿರುತ್ತವೆ. ಅಸಿಟೋನ್ ಬಲುಬೇಗ ಹೊತ್ತಿಕೊಳ್ಳುವ ದ್ರವ. ಅಡುಗೆಮನೆಯಲ್ಲಿ ಬೇಡ, ದೇವರ ದೀಪ ಉರಿಯುವ ಕೋಣೆಯಲ್ಲಿ ಖಂಡಿತ ಬೇಡ. ಕಿಟಕಿಗಳನ್ನೆಲ್ಲ ತೆರೆದು, ಮಕ್ಕಳನ್ನು ದೂರ ಕಳಿಸಿ ಕೂರಿ.

ಗಾಜಿನ ಮೂರು ಸಣ್ಣ ಬಟ್ಟಲುಗಳನ್ನು ಸಾಲಾಗಿ ಇಡಿ. ಪ್ಲಾಸ್ಟಿಕ್ ಬಟ್ಟಲು ಕರಗೀತು. ಮೇಜಿನ ಮೇಲೆ ಮಡಚಿದ ಟವೆಲ್ ಹಾಸಿ, ನಾಣ್ಯ ಜಾರಿದರೂ ಮೆತ್ತಗೆ ಬೀಳಲಿ. ಉಂಗುರ, ಬಳೆ ತೆಗೆದಿಡಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೊದಲ ಬಟ್ಟಲಿಗೆ ಇಳಿಸಿ, ಅದು ಮುಳುಗುವಷ್ಟು ಅಸಿಟೋನ್ ಇರಲಿ, ಮೇಲೊಂದು ಗಾಜಿನ ತಟ್ಟೆ ಮುಚ್ಚಿ. ಹದಿನೈದಿಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಜಿಗುಟು ಸಡಿಲವಾಗಿ ದ್ರವ ತುಸು ಕಲಕಿದಂತೆ ಕಾಣಬಹುದು. ನಾಣ್ಯವನ್ನು ಮಗುಚಿ ಇನ್ನಷ್ಟು ಹೊತ್ತು ಬಿಡಿ. ಅಲ್ಲಿಂದ ಎರಡನೆಯ ಬಟ್ಟಲಿನ ಹೊಸ ಅಸಿಟೋನಿಗೆ, ಆಮೇಲೆ ಮೂರನೆಯದಕ್ಕೆ. ಕರಗಿದ ಕೊಳೆ ಮತ್ತೆ ನಾಣ್ಯದ ಮೇಲೆ ಒಣಗಿ ಕೂರಬಾರದೆಂದು ಈ ಮೂರು ಸ್ನಾನ. ಹತ್ತಿ, ಬ್ರಷ್ಷು, ಬಟ್ಟೆ ಯಾವುದನ್ನೂ ತಾಕಿಸಬೇಡಿ. ಹೊರತೆಗೆದು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿದರೆ ಕೆಲವೇ ಕ್ಷಣಗಳಲ್ಲಿ ತಾನೇ ಆರುತ್ತದೆ.

ಇಷ್ಟಾದ ಮೇಲೂ ಹಸಿರು ಇದ್ದ ಜಾಗದಲ್ಲಿ ಮಂಕು ಮಚ್ಚೆ ಉಳಿದಿದ್ದರೆ ಆಮ್ಲ ಅಷ್ಟನ್ನು ತಿಂದಿದೆ ಎಂದರ್ಥ. ಅದನ್ನು ಸರಿಪಡಿಸಲು ಹೋಗಬೇಡಿ. ಕಾಯಿಲೆ ನಿಂತಿತಲ್ಲ, ಅಷ್ಟು ಸಾಕು. ಈಚಿನ ಕೆಲವು ಸ್ಮಾರಕ ನಾಣ್ಯಗಳ ಮೇಲೆ ಬಣ್ಣದ ಚಿತ್ರ ಮುದ್ರಿಸಿರುತ್ತಾರೆ. ಅಂಥವು ನಿಮ್ಮಲ್ಲಿದ್ದರೆ ಅಸಿಟೋನ್ ಹತ್ತಿರಕ್ಕೂ ತರಬೇಡಿ, ಬಣ್ಣವೇ ಎದ್ದುಹೋದೀತು.

ಮೂರನೆಯದು ಬೆರಳಿನ ಗುರುತು. 75 ರೂಪಾಯಿಯ ಆ ನಾಣ್ಯ ನಾಲ್ಕು ಲೋಹಗಳ ಮಿಶ್ರಣ: 50 ಪಾಲು ಬೆಳ್ಳಿ, 40 ಪಾಲು ತಾಮ್ರ, ನಿಕ್ಕಲ್ ಮತ್ತು ಸತು ತಲಾ 5 ಪಾಲು. ನಮ್ಮ 100 ರೂಪಾಯಿಯ ಸ್ಮಾರಕ ನಾಣ್ಯಗಳಲ್ಲಿ ಬಹಳಷ್ಟು ಇದೇ ಮಿಶ್ರಣದವು, ತೂಕ 35 ಗ್ರಾಂ, ಅಗಲ 44 ಮಿಲಿಮೀಟರ್. ಬೆಳ್ಳಿ ನಾಣ್ಯವೆಂದು ಕರೆದರೂ ತಾಮ್ರದ ಪಾಲು ಇಷ್ಟಿರುವುದರಿಂದ ಇವು ಶುದ್ಧ ಬೆಳ್ಳಿಗಿಂತ ಸೂಕ್ಷ್ಮ. ಬೆವರಿನಲ್ಲಿ ಉಪ್ಪು ಇದೆ, ಕೊಬ್ಬಿನ ಆಮ್ಲಗಳಿವೆ. ಮುಟ್ಟಿದ ದಿನ ಏನೂ ಕಾಣುವುದಿಲ್ಲ, ತಿಂಗಳುಗಳ ಮೇಲೆ ಬೆರಳಿನ ಗೆರೆ ಗೆರೆಯೂ ಕಂದು ಬಣ್ಣದಲ್ಲಿ ಮೂಡುತ್ತದೆ. ಹೊಸ ಗುರುತಾಗಿದ್ದರೆ ಅಸಿಟೋನ್ ಅದರ ಎಣ್ಣೆಯನ್ನು ತೆಗೆಯಬಲ್ಲದು. ಉಪ್ಪು ಅಸಿಟೋನಿನಲ್ಲಿ ಕರಗುವುದಿಲ್ಲ, ಅದಕ್ಕಾಗಿ ಮೊದಲು ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ನಿಮಿಷ ಇಟ್ಟು, ನೀರು ಬಸಿದ ಮೇಲೆ ಅಸಿಟೋನಿಗೆ ಹಾಕಬೇಕು. ನಲ್ಲಿನೀರು, ಬೋರ್‌ವೆಲ್ ನೀರು ಎರಡೂ ಕೂಡದು, ನಮ್ಮ ಜಿಲ್ಲೆಗಳ ಗಡಸು ನೀರು ಆರಿದಲ್ಲೆಲ್ಲ ಬಿಳಿಕಲೆ ಬಿಡುತ್ತದೆ. ನಿಮ್ಮ ನಾಣ್ಯದಲ್ಲಿ ಗುರುತು ಈಗಾಗಲೇ ಮೂಡಿರುವುದರಿಂದ ಅದು ಪೂರ್ತಿ ಹೋಗುವ ಭರವಸೆ ಕೊಡಲಾರೆ. ಮುಂದೆ ಹರಡದಂತೆ ಮಾಡಬಹುದು.

ಆದ್ದರಿಂದ ಮುಟ್ಟುವ ಕ್ರಮ ಮನೆಯವರಿಗೆಲ್ಲ ಗೊತ್ತಿರಬೇಕು. ಎರಡು ಬೆರಳಿನ ನಡುವೆ ಅಂಚು ಮಾತ್ರ. ಪುಡಿಯಿಲ್ಲದ ನೈಟ್ರೈಲ್ ಕೈಗವಸು ಒಳ್ಳೆಯದು. ಲೇಟೆಕ್ಸ್ ಕೈಗವಸಿನಲ್ಲಿ ಗಂಧಕ ಇರುತ್ತದೆ, ಅದು ಬೇಡ. ನಾಣ್ಯದ ಮೇಲೆ ಬಾಗಿ ಮಾತಾಡಬಾರದು, ಕಣ್ಣಿಗೆ ಕಾಣದ ಎಂಜಲ ಹನಿಯೊಂದು ಸಾಕು, ಆರು ತಿಂಗಳಲ್ಲಿ ಕಪ್ಪು ಚುಕ್ಕೆಯಾಗುತ್ತದೆ. ಧೂಳನ್ನು ಬಾಯಿಂದ ಊದುವುದಂತೂ ಕೂಡದು. ಕೈಯಲ್ಲಿ ಒತ್ತುವ ರಬ್ಬರ್ ಬುಗ್ಗೆಯ ಗಾಳಿ ಸಾಕು. ದುರ್ಗದ ಕಡೆ ಆಷಾಢದ ಗಾಳಿ ಎದ್ದಾಗ ಕಿಟಕಿಯ ಸಂದಿನಿಂದಲೂ ಮಣ್ಣು ನುಗ್ಗುತ್ತದೆ. ಆ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಬೆಳ್ಳಿಗಿಂತ ಎಷ್ಟೋ ಪಾಲು ಗಡಸು. ಅಂಥ ದಿನ ಡಬ್ಬಿ ತೆರೆಯಲೇಬೇಡಿ.

ಇನ್ನು ಇಡುವ ವಿಚಾರ. ನಾಣ್ಯವನ್ನು ಕಾಪಾಡುವ ಕೆಲಸದಲ್ಲಿ ಬಹುಪಾಲು ನಾಣ್ಯಕ್ಕೆ ತಾಗಿರುವ ವಸ್ತು ಮತ್ತು ಅದರ ಸುತ್ತಲಿನ ಗಾಳಿಯನ್ನು ನೋಡಿಕೊಳ್ಳುವುದೇ ಆಗಿದೆ. ನಾನು ಚಿತ್ರದುರ್ಗದವನಾದ್ದರಿಂದ ಹತ್ತಿರದ ಉದಾಹರಣೆಯನ್ನೇ ಕೊಡುತ್ತೇನೆ. ಕೋಟೆಯ ಬದಿಯ ಚಂದ್ರವಳ್ಳಿಯ ನೆಲದಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದ್ದರು, ಅದಕ್ಕೂ ಮೊದಲು ಎಂ.ಎಚ್. ಕೃಷ್ಣ ಅವರ ಉತ್ಖನನ ನಡೆದಿತ್ತು. ಸೀಸದ ನಾಣ್ಯ ಮಣ್ಣಿನೊಳಗೆ ಶತಮಾನಗಳನ್ನು ಕಳೆದು ಬಂದೀತು. ಅದನ್ನೇ ಒಯ್ದು ಮರದ ಖಾನೆಯಲ್ಲಿ ಮುಚ್ಚಿಟ್ಟರೆ, ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿಗೆ ಕೆಲವೇ ವರ್ಷಗಳಲ್ಲಿ ಬಿಳಿಪುಡಿಯಾಗಿ ಉದುರಬಲ್ಲದು. ವಸ್ತು ಸಂಗ್ರಹಾಲಯಗಳಲ್ಲಿ ಕೆಲಸ ಮಾಡುವವರಿಗೆ ಇದು ಬಹಳ ಹಳೆಯ ತಲೆನೋವು. ನಿಮ್ಮಲ್ಲಿರುವುದು ಸೀಸವಲ್ಲ, ಬೆಳ್ಳಿ ತಾಮ್ರಗಳು. ಆದರೂ ಪ್ಲೈವುಡ್ ಕಪಾಟು, ಎಂಡಿಎಫ್ ಹಲಗೆಯ ಡ್ರಾಯರು, ಹೊಸದಾಗಿ ಬಣ್ಣ ಬಳಿದ ಪೆಟ್ಟಿಗೆ ಇವುಗಳ ಆವಿ ತಾಮ್ರಕ್ಕೂ ಒಳ್ಳೆಯದಲ್ಲ. ನಿಮ್ಮ ಕಬ್ಬಿಣದ ಬೀರು ಅವೆಲ್ಲಕ್ಕಿಂತ ಮೇಲು.

ಬೀರುವಿನೊಳಗೆ ಏನಿದೆ ಎಂಬುದು ಮುಖ್ಯ. ರೇಷ್ಮೆಯಿಂದ ಅಷ್ಟು ಭಯವಿಲ್ಲ, ಅದರ ಜೊತೆ ಹಾಕುವ ನುಸಿಗುಳಿಗೆಯಿಂದ ಇದೆ. ಗುಳಿಗೆಯ ಆವಿ ಸಿಕ್ಕಲ್ಲಿ ಹರಳಾಗಿ ಕೂರುತ್ತದೆ, ಗಡಸು ಪ್ಲಾಸ್ಟಿಕನ್ನೂ ಮೆದುಗೊಳಿಸುತ್ತದೆ. ಕೆಲವು ಗುಳಿಗೆಗಳು ಕ್ಲೋರಿನ್ ಇರುವ ರಾಸಾಯನಿಕದಿಂದಲೇ ಆದವು. ಕರ್ಪೂರದ ಬಿಲ್ಲೆ ಇಡುವ ರೂಢಿಯೂ ಅಂಥದ್ದೇ. ಉಣ್ಣೆಯ ಶಾಲು ಇದ್ದರೆ ಬೇರೆ ಅರೆಗೆ ಸಾಗಿಸಿ. ಬೆಳ್ಳಿ ಅಂಗಡಿಯವರು ಸುತ್ತಿಕೊಡುವ ಗುಲಾಬಿ ಬಣ್ಣದ ತೆಳುಕಾಗದ, ವೃತ್ತಪತ್ರಿಕೆ, ರಬ್ಬರ್ ಬ್ಯಾಂಡು, ಸೆಲ್ಲೋ ಟೇಪು ಇವೆಲ್ಲವನ್ನೂ ನಾಣ್ಯದಿಂದ ದೂರವಿಡಿ. ಬೆಳ್ಳಿ ಕಪ್ಪಾಗದಿರಲೆಂದು ಸೀಮೆಸುಣ್ಣ ಇಡುವವರಿದ್ದಾರೆ. ಅದು ಹೀರುವ ತೇವ ಅಷ್ಟಕ್ಕಷ್ಟೇ, ಉದುರಿಸುವ ಪುಡಿಯಂತೂ ಕನ್ನಡಿ ಮೈಗೆ ಶತ್ರು. ಶಿಕ್ಷಕಿಯಾಗಿದ್ದ ನಿಮ್ಮ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವಿರಲಾರದು, ಅದಕ್ಕೇ ಹೇಳಿದೆ.

ಪ್ರತಿ ನಾಣ್ಯಕ್ಕೂ ಅದರದೇ ಅಳತೆಯ ಗಡಸು ಅಕ್ರಿಲಿಕ್ ಕ್ಯಾಪ್ಸೂಲ್ ಕೊಳ್ಳಿ, ದುಂಡಗಿನ ಎರಡು ಹೋಳುಗಳು ಒಂದಕ್ಕೊಂದು ಕಚ್ಚಿಕೊಳ್ಳುವಂಥದ್ದು. ಅಳತೆ ಕರಾರುವಾಕ್ಕಾಗಿರಲಿ. ದೊಡ್ಡದಾದರೆ ನಾಣ್ಯ ಒಳಗೆ ಅಲ್ಲಾಡಿ ಸವೆಯುತ್ತದೆ, ಸಣ್ಣದಕ್ಕೆ ತುರುಕಿದರೆ ಅಂಚು ಗೀರುತ್ತದೆ. 44 ಮಿಲಿಮೀಟರಿನ ನಾಣ್ಯಕ್ಕೆ 44ರದ್ದೇ ಬೇಕು. ಮುಚ್ಚುವಾಗ ಮೇಲಿನ ಹೋಳಿನ ಒಳಮೈ ನಾಣ್ಯಕ್ಕೆ ಉಜ್ಜದಂತೆ ನೇರವಾಗಿ ಒತ್ತಿ, ತಿರುಗಿಸಬೇಡಿ. ನಾಣ್ಯಕ್ಕೆ ಅಸಿಟೋನ್ ಸ್ನಾನವಾಗಿದ್ದರೆ ಅದು ಸಂಪೂರ್ಣ ಆರುವವರೆಗೆ ಕ್ಯಾಪ್ಸೂಲಿಗೆ ಹಾಕಬೇಡಿ, ಅಕ್ರಿಲಿಕ್ ಮಂಜಾಗುತ್ತದೆ. ಟಂಕಸಾಲೆಯ ಗಡಸು ಪ್ಲಾಸ್ಟಿಕ್ ಹೊದಿಕೆಯೊಳಗೆ ನಾಣ್ಯ ಸ್ವಚ್ಛವಾಗಿಯೇ ಇದ್ದರೆ ಅದನ್ನು ಬಿಚ್ಚುವ ಸಾಹಸ ಬೇಡ. ಹೊರಗಿನ ರೆಕ್ಸಿನ್, ಮಖಮಲ್ಲು, ಸ್ಪಂಜು ಇರುವ ಪೆಟ್ಟಿಗೆಯನ್ನು ಮಾತ್ರ ಬೇರೆಯಾಗಿ ಇಡಿ. ಎಸೆಯಬೇಡಿ ಮತ್ತೆ. ಪೆಟ್ಟಿಗೆ, ಒಳಗಿನ ಪರಿಚಯ ಚೀಟಿ, ಟಂಕಸಾಲೆಯಿಂದ ಬಂದ ಲಕೋಟೆ ಎಲ್ಲವೂ ಆ ನಾಣ್ಯದ ಜಾತಕವಿದ್ದಂತೆ, ಮುಂದೆ ಯಾರೇ ಕೊಂಡರೂ ಕೇಳುತ್ತಾರೆ.

ಯಾವ ಪ್ಲಾಸ್ಟಿಕ್ ಒಳ್ಳೆಯದೆಂದು ತಿಳಿಯಲು ಒಂದು ಸುಲಭ ದಾರಿ ಇದೆ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 3 ಎಂದಿದ್ದರೆ ಪಿವಿಸಿ, ಕೈಬಿಡಿ. 1 ಪಾಲಿಯೆಸ್ಟರ್ ಜಾತಿ, 2 ಮತ್ತು 4 ಪಾಲಿಥೀನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್. ಇವು ನಾಣ್ಯಕ್ಕೆ ತೊಂದರೆ ಕೊಡುವುದಿಲ್ಲ. ಅಂಕಿ ಇಲ್ಲದ ಆಲ್ಬಮ್ ಹಾಳೆಗೆ ತಾಮ್ರದ ತಂತಿಯ ಪರೀಕ್ಷೆ ಇದೆ: ತಂತಿಯ ತುದಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಹಾಳೆಯ ಮೂಲೆಗೆ ತಾಗಿಸಿ, ಅಂಟಿದ ಚೂರಿನ ಸಮೇತ ಮತ್ತೆ ಉರಿಗೆ ಹಿಡಿದರೆ, ಕ್ಲೋರಿನ್ ಇದ್ದಲ್ಲಿ ಜ್ವಾಲೆ ಹಸಿರಾಗುತ್ತದೆ. ಆ ಹೊಗೆ ಕೆಟ್ಟದ್ದು, ಮಹಡಿಯ ಮೇಲೆ ಬಯಲಿನಲ್ಲಿ, ಚೂರೇ ಚೂರು ಹಾಳೆಯಿಂದ ಮಾಡಬೇಕು. ಅಸಿಟೋನ್ ಸೀಸೆ ಆ ಸುತ್ತಮುತ್ತ ಇರಕೂಡದು. ಅಷ್ಟೆಲ್ಲ ಯಾಕೆ ಅನ್ನಿಸಿದರೆ ಆ ಆಲ್ಬಮ್ಮನ್ನೇ ಬಿಟ್ಟುಬಿಡಿ. ಅದರ ಉಳಿದ ಜೇಬುಗಳಲ್ಲಿರುವ ನಾಣ್ಯಗಳನ್ನೂ ಇದೇ ವಾರ ಹೊರತೆಗೆಯಿರಿ, ಹಸಿರು ಇನ್ನೂ ಕಾಣದಿದ್ದರೂ ಸರಿ.

ಕ್ಯಾಪ್ಸೂಲುಗಳೆಲ್ಲ ಒಂದು ಗಾಳಿಯಾಡದ ಡಬ್ಬಿಗೆ ಹೋಗಲಿ. ಅಡುಗೆಮನೆಗೆ ಕೊಳ್ಳುವ, ಮುಚ್ಚಳಕ್ಕೆ ನಾಲ್ಕು ಕಡೆ ಚಿಲಕವಿರುವ 5ನೇ ಅಂಕಿಯ ಡಬ್ಬಿ ಚೆನ್ನಾಗಿ ಒದಗುತ್ತದೆ. ಹೊಸದನ್ನೇ ತನ್ನಿ, ಮಸಾಲೆ ಇಟ್ಟದ್ದು ಬೇಡ. ಒಳಗೆ ಸಿಲಿಕಾ ಜೆಲ್ ಇಡಿ, ಐದು ಲೀಟರಿನ ಡಬ್ಬಿಗೆ 100 ಗ್ರಾಂ ಧಾರಾಳ. ಬಣ್ಣ ಬದಲಿಸುವ ಕಿತ್ತಳೆ ಜೆಲ್ ಕೇಳಿ, ತೇವ ಹೀರಿದಾಗ ಅದು ಹಸಿರಿಗೆ ತಿರುಗುತ್ತದೆ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ಮನೆಗೆ ಅದು ಬೇಡ. ಬಣ್ಣ ತಿರುಗಿದ ಜೆಲ್ಲನ್ನು ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಜೆಲ್ಲಿನ ಪೊಟ್ಟಣ ನಾಣ್ಯಕ್ಕೆ ತಾಗದಿರಲಿ. ಜೊತೆಗೆ ಗಂಧಕದ ಅನಿಲವನ್ನು ತಾನೇ ಹೀರಿಕೊಳ್ಳುವ ಆ್ಯಂಟಿ ಟಾರ್ನಿಶ್ ಕಾಗದದ ಪಟ್ಟಿಗಳು ಆಭರಣ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ. ಎರಡು ಪಟ್ಟಿ ಹಾಕಿ, ಅದರ ಮೇಲೆ ಬರೆದ ಅವಧಿ ಮುಗಿದಾಗ ಬದಲಿಸಿ. ಸಿಲಿಕಾ ಜೆಲ್ ತೇವಕ್ಕೆ, ಈ ಕಾಗದ ಗಂಧಕಕ್ಕೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಒಂದು ಸಣ್ಣ ತೇವಮಾಪಕವನ್ನೂ ಡಬ್ಬಿಯೊಳಗೆ ಹಾಕಿ. ಅದು 40ರ ಕೆಳಗೆ ತೋರಿಸುತ್ತಿದ್ದರೆ ನಿಶ್ಚಿಂತೆ. ನಮ್ಮ ದಾವಣಗೆರೆ, ಚಿತ್ರದುರ್ಗದವರಿಗೆ ಕರಾವಳಿಯವರ ಕಷ್ಟವಿಲ್ಲ, ವರ್ಷದ ಬಹುಭಾಗ ಒಣಹವೆಯೇ. ಆದರೆ ಜುಲೈನಿಂದ ಅಕ್ಟೋಬರಿನವರೆಗೆ ಮೋಡ ಕವಿದ ದಿನಗಳಲ್ಲಿ ಮನೆಯೊಳಗಿನ ತೇವ ಸಾಕಷ್ಟು ಏರುತ್ತದೆ. ಭದ್ರಾ ನಾಲೆಯ ಗದ್ದೆಬಯಲಿಗೆ ಅಂಟಿಕೊಂಡ ಬಡಾವಣೆಗಳಲ್ಲಿ ಇನ್ನೂ ಹೆಚ್ಚು. ಹಾಗಾಗಿ ನಾಣ್ಯಗಳನ್ನು ಹೊಸ ಹೊದಿಕೆಗೆ ವರ್ಗಾಯಿಸುವ ಕೆಲಸಕ್ಕೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಅವಧಿ ಹೇಳಿ ಮಾಡಿಸಿದ್ದು. ಗಾಳಿ ಒಣಗಿರುತ್ತದೆ, ಕೈ ಬೆವರುವುದಿಲ್ಲ. ಮಳೆಗಾಲದಲ್ಲಿ ಮುಚ್ಚಿದ ಡಬ್ಬಿಯೊಳಗೆ ಮಳೆಗಾಲದ ಗಾಳಿಯೇ ಬಂದಿಯಾಗುತ್ತದೆ. ಪಿವಿಸಿ ಆಲ್ಬಮ್ಮಿನ ನಾಣ್ಯಗಳಿಗೆ ಮಾತ್ರ ಮುಹೂರ್ತ ನೋಡಬೇಡಿ.

ಬೀರು ಎಲ್ಲಿದೆ? ಪಶ್ಚಿಮದ ಬಿಸಿಲು ಹೊಡೆಯುವ ಗೋಡೆಗೆ ಒರಗಿದ್ದರೆ ಜಾಗ ಬದಲಿಸಿ. ಹಗಲು ಕಾದು ರಾತ್ರಿ ತಣಿಯುವ ಏರಿಳಿತ, ಸಮನಾದ ಸೆಕೆಗಿಂತ ಕೆಟ್ಟದ್ದು. ಅಡುಗೆಮನೆ, ಬಚ್ಚಲುಮನೆಗಳ ಗೋಡೆಯೂ ಬೇಡ. ಊದಿನಕಡ್ಡಿ, ಧೂಪ ಹಾಕುವ ದೇವರ ಕೋಣೆ ಬೇಡ. ಮಂಡಕ್ಕಿ ಭಟ್ಟಿಗಳ ಹೊಗೆ ಬರುವ ಕಡೆ ಮನೆಯಿದ್ದವರು ಆ ದಿಕ್ಕಿನ ಕಿಟಕಿಯಿಂದ ದೂರ ಇಡಬೇಕು, ಹೊಗೆಯಲ್ಲಿ ಗಂಧಕದ ಅಂಶವಿದ್ದರೆ ಬೆಳ್ಳಿಗೆ ಕೇಡು. ನಿಮ್ಮ ವಿದ್ಯಾನಗರಕ್ಕೆ ಆ ತೊಂದರೆ ಇರಲಾರದು, ಇದನ್ನು ಓದುವ ಬೇರೆಯವರಿಗಾಗಿ ಬರೆದೆ.

ದೇವರ ಕೋಣೆಯ ಮಾತು ಬಂದದ್ದರಿಂದ ಇನ್ನೊಂದು. ದೀಪಾವಳಿ, ವರಮಹಾಲಕ್ಷ್ಮಿ ಪೂಜೆಗೆ ಈ ನಾಣ್ಯಗಳನ್ನು ಇಡುವ ಆಸೆ ಸಹಜ. ಅರಿಶಿನ, ಕುಂಕುಮ ಪ್ರೂಫ್ ನಾಣ್ಯದ ತರಿಮೈಯೊಳಗೆ ಕೂತರೆ ಉಜ್ಜದೆ ಬರುವುದಿಲ್ಲ, ಉಜ್ಜಿದರೆ ನಾಣ್ಯ ಉಳಿಯುವುದಿಲ್ಲ. ಹಾಲು, ಪಂಚಾಮೃತದ ಅಭಿಷೇಕವಂತೂ ಇನ್ನೂ ಅಪಾಯ. ಪೂಜೆಗೆಂದೇ ಲಕ್ಷ್ಮಿ ಚಿತ್ರದ ಬೆಳ್ಳಿ ನಾಣ್ಯವೊಂದನ್ನು ಕೊಂಡಿಟ್ಟುಕೊಳ್ಳಿ. ಇವನ್ನೇ ಇಡಬೇಕೆನಿಸಿದರೆ ಕ್ಯಾಪ್ಸೂಲಿನ ಸಮೇತ ಇಟ್ಟು, ಕ್ಯಾಪ್ಸೂಲಿನ ಮೇಲೆ ಹೂವಿಟ್ಟರೆ ಲೋಪವಾಗದು.

ಮೊಮ್ಮಗಳಿಗೆ ತೋರಿಸುವುದನ್ನು ನಿಲ್ಲಿಸಬೇಡಿ. ಕ್ಯಾಪ್ಸೂಲಿನೊಳಗಿರುವಾಗಲೇ ಅವಳ ಕೈಗೆ ಕೊಡಿ, ಭೂತಗನ್ನಡಿ ಕೊಡಿ. ಮೇಜಿನ ದೀಪ ಒಂದೇ ಉರಿಯಲಿ, ನಾಣ್ಯವನ್ನು ನಿಧಾನವಾಗಿ ಓರೆ ಮಾಡುತ್ತ ಹೋದರೆ ಬಯಲು ಕಪ್ಪಾಗಿ ಮುಖ ಬೆಳ್ಳಗೆ ಕಾಣುವ ಒಂದು ಕೋನ ಸಿಗುತ್ತದೆ. ಇನ್ನಷ್ಟು ಓರೆ ಮಾಡಿದರೆ ಬಯಲು ಬೆಳಗಿ ಮುಖ ಕಪ್ಪಾಗುತ್ತದೆ. ಮಕ್ಕಳು ಇದನ್ನು ಒಮ್ಮೆ ಕಂಡರೆ ಮತ್ತೆ ಮತ್ತೆ ಕೇಳುತ್ತಾರೆ. ವರ್ಷಕ್ಕೊಂದೆರಡು ಸಲ ಹೀಗೆ ನೋಡುವುದು ತಪಾಸಣೆಯೂ ಹೌದು. ಹೊಸ ಚುಕ್ಕೆ, ಹೊಸ ಮಬ್ಬು ಆಗಲೇ ಕಣ್ಣಿಗೆ ಬೀಳುವುದು. ಶುದ್ಧ ಬೆಳ್ಳಿಯ ನಾಣ್ಯಗಳಲ್ಲಿ ಹಾಲು ಚೆಲ್ಲಿದಂಥ ಬಿಳಿಮಚ್ಚೆ ಕಂಡರೆ ಗಾಬರಿಯಾಗಬೇಡಿ, ಅದರ ಬೀಜ ಬಿಲ್ಲೆ ತಯಾರಾಗುವಾಗಲೇ ಉಳಿದದ್ದು. ನೀವು ಇಟ್ಟ ರೀತಿಯಿಂದ ಬಂದದ್ದಲ್ಲ, ತೆಗೆಯಲೂ ಆಗದು.

ಕಡೆಯದು ಲಾಕರು. ಕಳ್ಳರಿಂದ ರಕ್ಷಣೆಗೆ ಅದು ಒಳ್ಳೆಯದೇ, ಗಾಳಿ ಮತ್ತು ತೇವದಿಂದ ಅಲ್ಲ. ನೆಲಮಾಳಿಗೆಯ ಲಾಕರು ಕೋಣೆಗಳು ಎಷ್ಟೋ ಕಡೆ ಮನೆಗಿಂತ ಹೆಚ್ಚು ತೇವ. ಅಲ್ಲಿ ಇಡುವುದಾದರೆ ಮೇಲೆ ಹೇಳಿದ ಡಬ್ಬಿಯ ಸಮೇತವೇ ಇಡಬೇಕು, ವರ್ಷಕ್ಕೆ ಎರಡು ಸಲವಾದರೂ ಹೋಗಿ ಸಿಲಿಕಾ ಜೆಲ್ಲಿನ ಬಣ್ಣ ನೋಡಬೇಕು. ಲಾಕರಿನ ಅಳತೆ ತೆಗೆದುಕೊಂಡು ಹೋಗಿ ಡಬ್ಬಿ ಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮಗಳು 2022ರ ಜನವರಿ 1ರಿಂದ ಬದಲಾಗಿವೆ. ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ. ಬ್ಯಾಂಕಿನ ನಿರ್ಲಕ್ಷ್ಯವಿಲ್ಲದ ಪ್ರಕೃತಿ ವಿಕೋಪಕ್ಕೆ ಆ ಹೊಣೆ ಇಲ್ಲ. ನಿಮ್ಮ ನಾಣ್ಯಗಳ ಒಟ್ಟು ಬೆಲೆ ಆ ಮಿತಿಯನ್ನು ದಾಟುತ್ತದೆಯೇ ಎಂದು ಲೆಕ್ಕ ಹಾಕಿ, ದಾಟುವುದಾದರೆ ವಿಮೆಯ ಬಗ್ಗೆ ವಿಚಾರಿಸಿ. ಲಾಕರಿನೊಳಗೆ ಏನಿದೆ ಎಂಬುದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಹಾಗಾಗಿ ಪಟ್ಟಿ ನಿಮ್ಮದೇ ಆಗಬೇಕು. ಇಸವಿ, ಮುಖಬೆಲೆ, ಟಂಕಸಾಲೆ, ಲೋಹ, ಈಗಿನ ಸ್ಥಿತಿ ಎಲ್ಲ ಬರೆದು, ಎರಡೂ ಮುಖಗಳ ಫೋಟೋ ತೆಗೆದು, ಒಂದು ಪ್ರತಿಯನ್ನು ಮಗನಿಗೋ ಮಗಳಿಗೋ ಕೊಟ್ಟಿಡಿ. ಗಾಂಧಿ ನಾಣ್ಯದ ಎದುರು «ಅಂಚಿನಲ್ಲಿ ಬಣ್ಣ ಇದೆ, ತೊಳೆಯಬಾರದು» ಎಂದು ಸ್ಪಷ್ಟವಾಗಿ ಬರೆಯಿರಿ. ನಿಮ್ಮ ನಂತರ ಡಬ್ಬಿ ತೆರೆಯುವವರಿಗೂ ಪಾಲಿಶ್ ಮಾಡಿಕೊಡುತ್ತೇನೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ಲಾಕರು ಇನ್ನೂ ಯಜಮಾನರ ಹೆಸರಿನಲ್ಲಿ ಇದ್ದರೆ ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡು, ನಾಮನಿರ್ದೇಶನದ ಅರ್ಜಿಯನ್ನೂ ಅದೇ ದಿನ ಕೊಟ್ಟು ಬನ್ನಿ.